ಎಮಿಲ್ ಮತ್ತು ಪತ್ತೇದಾರರು

'ಎಮಿಲ್ ಮತ್ತು ಪತ್ತೇದಾರರು' (ಜರ್ಮನ್ ಶೀರ್ಷಿಕೆ: 'ಎಮಿಲ್ ಉಂಟ್ ಡೀ ಡಿಟೆಕ್ಟಿವೆ') ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ ಅವರು ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿ. ಇದು 1929ರಲ್ಲಿ ಬರ್ಲಿನ್ನಿನ ವಿಲಿಯಮ್ಸ್ ಅಂಡ್ ಕಂಪನಿ ಎಂಬ ಪ್ರಕಾಶನ ಸಂಸ್ಥೆಯಿಂದ ಪ್ರಕಟವಾಯಿತು. ಚಿತ್ರಗಳನ್ನು ವಾಲ್ಟರ್ ಟ್ರಿಯರ್ ರಚಿಸಿದ್ದಾರೆ. ರೈಲಿನಲ್ಲಿ ಹಣ ಕಳೆದುಕೊಂಡ ಬಾಲಕನೊಬ್ಬನು ಅಪರಿಚಿತ ಮಹಾನಗರದಲ್ಲಿ ತನ್ನ ವಯಸ್ಸಿನ ಹುಡುಗರ ನೆರವಿನಿಂದ ಕಳ್ಳನನ್ನು ಹಿಂಬಾಲಿಸಿ ಹಿಡಿಯುವುದು ಇದರ ವಸ್ತು. ಕಾದಂಬರಿಯು 50ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದಗೊಂಡಿದೆ. ಮಕ್ಕಳ ಗುಂಪೊಂದು ದೊಡ್ಡವರ ಸಹಾಯವಿಲ್ಲದೆ ಅಪರಾಧವನ್ನು ಭೇದಿಸುವ ಕಥಾಮಾದರಿಗೆ ಇದು ಆರಂಭದ ಮತ್ತು ಅತ್ಯಂತ ಪ್ರಭಾವಶಾಲಿಯಾದ ನಿದರ್ಶನಗಳಲ್ಲಿ ಒಂದು. ಎನಿಡ್ ಬ್ಲೈಟನ್ನರ 'ಫೇಮಸ್ ಫೈವ್' ಸರಣಿಯ ಮೊದಲ ಪುಸ್ತಕ ಬಂದದ್ದು ಇದಾದ 13 ವರ್ಷಗಳ ಬಳಿಕ, 1942ರಲ್ಲಿ.

ರಚನೆಯ ಹಿನ್ನೆಲೆ

ಕೆಸ್ಟ್ನರ್ 1899ರ ಫೆಬ್ರವರಿ 23ರಂದು ಡ್ರೆಸ್ಡನ್ ನಗರದಲ್ಲಿ ಜನಿಸಿದರು. ಅವರ ಪೂರ್ಣ ಹೆಸರು ಎಮಿಲ್ ಎರಿಕ್ ಕೆಸ್ಟ್ನರ್. ಕಥಾನಾಯಕನ ಹೆಸರು ಲೇಖಕರದೇ ಮೊದಲ ಹೆಸರು. ಅವರ ತಾಯಿ ಇಡಾ ಮದುವೆಯಾದ ಎಷ್ಟೋ ವರ್ಷಗಳ ನಂತರ ಕೇಶಾಲಂಕಾರದ ಕೆಲಸ ಕಲಿತು, ಮನೆಯಲ್ಲಿಯೇ ಗಿರಾಕಿಗಳ ಕೂದಲು ತೊಳೆದು ಒಪ್ಪಮಾಡಿ ಸಂಪಾದಿಸುತ್ತಿದ್ದರು. ಕಾದಂಬರಿಯಲ್ಲಿ ಎಮಿಲ್‌ನ ತಾಯಿಯ ಉದ್ಯೋಗವೂ ಅದೇ. ತಾಯಿಯನ್ನು ವಂಚಿಸಿದ ಹೆಂಗಸೊಬ್ಬಳನ್ನು ತಾವು ಬಾಲ್ಯದಲ್ಲಿ ಪತ್ತೆಹಚ್ಚಿದ ಪ್ರಸಂಗವನ್ನು ಕೆಸ್ಟ್ನರ್ ತಮ್ಮ ಬಾಲ್ಯದ ಆತ್ಮಕಥನದಲ್ಲಿ (1957) ವಿವರಿಸಿದ್ದಾರೆ.

1927ರಲ್ಲಿ ಅವರು ಬರ್ಲಿನ್ನಿಗೆ ಬಂದು ವಿಲ್ಮರ್ಸ್‌ಡೋರ್ಫ್ ಬಡಾವಣೆಯಲ್ಲಿ ನೆಲೆಸಿದರು. ಆಗ ಅವರು ಪತ್ರಿಕಾ ಬರೆಹಗಾರರಾಗಿ, ನಾಟಕ ವಿಮರ್ಶಕರಾಗಿ, ವಿಡಂಬನ ಕವಿಯಾಗಿ ಪರಿಚಿತರಾಗುತ್ತಿದ್ದರು. ಮಕ್ಕಳಿಗಾಗಿ ಬರೆಯಬೇಕೆಂಬ ಸಲಹೆ ಬಂದದ್ದು ಪ್ರಕಾಶಕಿ ಎಡಿತ್ ಯಾಕೋಬ್ಸೋನ್ ಅವರಿಂದ. ಡಾಕ್ಟರ್ ಡೂಲಿಟಲ್ ಮತ್ತು ವಿನ್ನಿ ದ ಪೂ ಪುಸ್ತಕಗಳನ್ನು ಜರ್ಮನ್ ಓದುಗರಿಗೆ ತಲುಪಿಸಿದವರೂ ಇವರೇ.

ಕಾದಂಬರಿಯ ಮುನ್ನುಡಿ ಸ್ವತಃ ಒಂದು ಕಥೆಯಂತಿದೆ. ಲೇಖಕನು ದಕ್ಷಿಣ ಸಮುದ್ರದ ದ್ವೀಪಗಳ ಸಾಹಸಕಥೆಯೊಂದನ್ನು ಬರೆಯಲು ಹೊರಟು, ತಿಮಿಂಗಿಲಕ್ಕೆ ಎಷ್ಟು ಕಾಲುಗಳೆಂಬುದು ಗೊತ್ತಾಗದೆ ನಡುವೆಯೇ ಸಿಕ್ಕಿಕೊಳ್ಳುತ್ತಾನೆ. ಪರಿಚಯದ ಹೋಟೆಲ್ ಮಾಣಿಯೊಬ್ಬನು, ತಿಳಿದಿರುವ ವಿಷಯವನ್ನೇ ಬರೆಯಬಾರದೇಕೆ ಎಂದು ಕೇಳುತ್ತಾನೆ. ಈ ವಿನೋದದ ಹಿಂದೆ ಗಂಭೀರವಾದ ಆಯ್ಕೆಯಿತ್ತು. ಅಂದಿನ ಮಕ್ಕಳ ಸಾಹಸಕಥೆಗಳು ದೂರದೇಶಗಳನ್ನೋ ಕಾಡುಗಳನ್ನೋ ನೆಚ್ಚಿಕೊಂಡಿದ್ದವು. ಕೆಸ್ಟ್ನರ್ ಅವುಗಳ ಬದಲಿಗೆ ಟ್ರಾಮ್, ದೂರವಾಣಿ, ಹೋಟೆಲು, ಬ್ಯಾಂಕುಗಳಿಂದ ತುಂಬಿದ ಸಮಕಾಲೀನ ಬರ್ಲಿನ್ನನ್ನು ಆರಿಸಿಕೊಂಡರು. ಅಲ್ಲಿಯ ಹುಡುಗರು ಬೀದಿಯಲ್ಲಿ ಆಡುತ್ತಿದ್ದ ಮಾತನ್ನೇ ಪುಸ್ತಕಕ್ಕೆ ತಂದರು.

ಕಥಾವಸ್ತು

ನೋಯ್‌ಸ್ಟಾಟ್ ಎಂಬ ಸಣ್ಣ ಊರಿನ ಎಮಿಲ್ ಟಿಶ್‌ಬೈನ್ (ಈ ಮನೆತನದ ಹೆಸರಿನ ಅರ್ಥ 'ಮೇಜಿನ ಕಾಲು') ತಂದೆಯನ್ನು ಕಳೆದುಕೊಂಡ ಹುಡುಗ. ರಜೆಯಲ್ಲಿ ಬರ್ಲಿನ್ನಿನ ಅಜ್ಜಿಯ ಮನೆಗೆ ಹೊರಡುವ ಮಗನ ಕೈಗೆ ತಾಯಿ 140 ಮಾರ್ಕ್ ಕೊಡುತ್ತಾಳೆ. ಅದರಲ್ಲಿ 120 ಅಜ್ಜಿಗೆ, ಉಳಿದ 20 ಅವನ ಖರ್ಚಿಗೆ. ಕಳೆದುಹೋದೀತೆಂಬ ಭಯದಿಂದ ಎಮಿಲ್ ನೋಟುಗಳಿದ್ದ ಲಕೋಟೆಯನ್ನು ಕೋಟಿನ ಒಳಜೇಬಿಗೆ ಗುಂಡುಸೂಜಿಯಿಂದ ಚುಚ್ಚಿ ಭದ್ರಪಡಿಸುತ್ತಾನೆ. ರೈಲಿನ ಡಬ್ಬಿಯಲ್ಲಿ ಗಟ್ಟಿ ಟೋಪಿ ಧರಿಸಿದ ಗ್ರುಂಡೈಸ್ ಎಂಬ ವ್ಯಕ್ತಿ ಅವನಿಗೆ ಚಾಕೊಲೇಟ್ ನೀಡಿ, ಬರ್ಲಿನ್ನಿನಲ್ಲಿ ಮಿದುಳನ್ನೂ ಒತ್ತೆಯಿಟ್ಟು ಸಾಲ ಪಡೆಯಬಹುದೆಂದು ಬೊಗಳೆ ಬಿಡುತ್ತಾನೆ. ಉಳಿದ ಪ್ರಯಾಣಿಕರು ಇಳಿದ ಮೇಲೆ ಎಮಿಲ್‌ಗೆ ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಹಣವೂ ಇಲ್ಲ, ಆ ಮನುಷ್ಯನೂ ಇಲ್ಲ.

ಅಜ್ಜಿ ಮತ್ತು ಸೋದರ ಸಂಬಂಧಿ ಪೋನಿ ಹ್ಯೂಟ್‌ಶೆನ್ ಫ್ರೀಡ್ರಿಶ್‌ಸ್ಟ್ರಾಸೆ ನಿಲ್ದಾಣದ ಹೂವಿನಂಗಡಿಯ ಬಳಿ ಕಾಯುತ್ತಿದ್ದರೆ, ಎಮಿಲ್ ಅದಕ್ಕೆ ಮೊದಲೇ ಬರುವ ಮೃಗಾಲಯ ನಿಲ್ದಾಣದಲ್ಲಿ ಗಟ್ಟಿ ಟೋಪಿಯನ್ನು ಕಂಡು ಇಳಿದುಬಿಡುತ್ತಾನೆ. 177ನೇ ಸಂಖ್ಯೆಯ ಟ್ರಾಮಿನಲ್ಲಿ ಕಳ್ಳನನ್ನು ಹಿಂಬಾಲಿಸುವಾಗ ಚೀಟಿ ಕೊಳ್ಳಲು ಕಾಸಿಲ್ಲ. ಅಪರಿಚಿತ ಸಜ್ಜನರೊಬ್ಬರು ಕೊಡುತ್ತಾರೆ. ಅವರು ಕೆಸ್ಟ್ನರ್ ಎಂಬ ಪತ್ರಕರ್ತರೆಂಬುದು ಕೊನೆಗೆ ತಿಳಿಯುತ್ತದೆ. ಕೈಸರ್ ಅಲೀ ಮತ್ತು ಟ್ರೌಟೆನೌ ಬೀದಿಗಳು ಕೂಡುವೆಡೆಯ ಯೋಸ್ಟಿ ಕೆಫೆಯಲ್ಲಿ ಕಳ್ಳನು ಆರಾಮವಾಗಿ ಕುಳಿತು ತಿನ್ನುತ್ತಿರುವಾಗ, ಮರೆಯಲ್ಲಿ ನಿಂತ ಎಮಿಲ್‌ನ ಹಿಂದೆ ಹಾರ್ನ್ ಮೊಳಗುತ್ತದೆ. ಅದು ಗುಸ್ಟಾವ್. ಮುಂದಿನ ಕೆಲವೇ ಕ್ಷಣಗಳಲ್ಲಿ ಅವನು ಬಡಾವಣೆಯ ಹುಡುಗರನ್ನೆಲ್ಲ ಕಲೆಹಾಕುತ್ತಾನೆ. ಕನ್ನಡಕದ 'ಪ್ರೊಫೆಸರ್' ಯೋಜನೆ ರೂಪಿಸುತ್ತಾನೆ. 'ಪುಟ್ಟ ಮಂಗಳವಾರ' ಎಂಬ ಅಡ್ಡಹೆಸರಿನ ಚಿಕ್ಕ ಹುಡುಗನು ಮನೆಯ ದೂರವಾಣಿಯ ಪಕ್ಕದಲ್ಲಿ ಕುಳಿತು ಸುದ್ದಿ ಸ್ವೀಕರಿಸಬೇಕು. ಸಂಕೇತಪದ 'ಎಮಿಲ್'.

ಕಳ್ಳನು ನೊಲ್ಲೆಂಡೋರ್ಫ್ ಚೌಕದ ಹೋಟೆಲಿನಲ್ಲಿ ರಾತ್ರಿ ಕಳೆಯುತ್ತಾನೆ. ಬೆಳಗಾಗುವಷ್ಟರಲ್ಲಿ ಸುದ್ದಿ ಹಬ್ಬಿ ನೂರರಷ್ಟು ಮಕ್ಕಳು ಹೋಟೆಲಿನ ಮುಂದೆ ನೆರೆದಿರುತ್ತಾರೆ. ಗ್ರುಂಡೈಸ್ ಎಲ್ಲಿ ಹೋದರೂ ಆ ಗುಂಪು ಮೌನವಾಗಿ ಹಿಂಬಾಲಿಸುತ್ತದೆ. ಗಾಬರಿಯಿಂದ ಅವನು ಬ್ಯಾಂಕೊಂದಕ್ಕೆ ನುಗ್ಗಿ ಕದ್ದ ನೋಟುಗಳನ್ನು ಬದಲಾಯಿಸಲು ಯತ್ನಿಸಿದಾಗ ಎಮಿಲ್ ಅದು ತನ್ನ ಹಣವೆಂದು ಸಾರುತ್ತಾನೆ. ನೋಟುಗಳಲ್ಲಿ ಗುಂಡುಸೂಜಿಯ ತೂತುಗಳಿರಬೇಕೆಂದು ಹೇಳಿ ಅದನ್ನು ಸಾಬೀತುಮಾಡುತ್ತಾನೆ. ಬಂಧಿತನು ಹ್ಯಾನೋವರ್ ನಗರದ ಬ್ಯಾಂಕ್ ದರೋಡೆಯಲ್ಲಿ ಪೊಲೀಸರಿಗೆ ಬೇಕಾಗಿದ್ದವನೆಂದು ತಿಳಿದುಬಂದು ಎಮಿಲ್‌ಗೆ 1,000 ಮಾರ್ಕ್ ಬಹುಮಾನ ದೊರೆಯುತ್ತದೆ.

ಪತ್ತೇದಾರಿ ಕಥೆಯಾಗಿ

ಕಳ್ಳ ಯಾರೆಂಬ ಪ್ರಶ್ನೆ ಈ ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಡಬ್ಬಿಯಲ್ಲಿ ಕೊನೆಗೆ ಉಳಿದವರು ಇಬ್ಬರೇ ಆದ್ದರಿಂದ ಎಮಿಲ್‌ಗೂ ಓದುಗರಿಗೂ ಅದು ತಕ್ಷಣ ತಿಳಿದುಬಿಡುತ್ತದೆ. ಆದರೆ ಎಮಿಲ್ ನಿದ್ದೆಯಲ್ಲಿದ್ದನು, ಸಾಕ್ಷಿಗಳಿಲ್ಲ, ಒಂದು ನೋಟು ಇನ್ನೊಂದು ನೋಟಿನಂತೆಯೇ ಇರುತ್ತದೆ. ತಿಳಿದಿರುವುದನ್ನು ಸಾಬೀತುಪಡಿಸುವುದು ಹೇಗೆ, ಅದರಲ್ಲಿಯೂ ಹುಡುಗನ ಮಾತನ್ನು ದೊಡ್ಡವರು ನಂಬುವಂತೆ ಮಾಡುವುದು ಹೇಗೆ ಎಂಬುದೇ ಇಲ್ಲಿಯ ಸಮಸ್ಯೆ. ಅದರ ಪರಿಹಾರವನ್ನು ಲೇಖಕರು ಕಥೆಯ ಆರಂಭದಲ್ಲಿಯೇ ಓದುಗರ ಕಣ್ಣಮುಂದೆ ಇರಿಸಿದ್ದಾರೆ. ಗುಂಡುಸೂಜಿಯು ಮೊದಲು ಎಮಿಲ್‌ನ ಅತಿ ಎಚ್ಚರಿಕೆಯ ಗುರುತಾಗಿ ಬರುತ್ತದೆ, ಕಳುವಾದಾಗ ಅದು ನಿಷ್ಪ್ರಯೋಜಕವೆನಿಸುತ್ತದೆ, ಕೊನೆಗೆ ಅದೇ ಪುರಾವೆಯಾಗುತ್ತದೆ. ಸುಳಿವನ್ನು ಮರೆಮಾಚದೆ, ಆದರೆ ಸುಳಿವೆಂದು ತೋರಗೊಡದೆ ನಿರ್ವಹಿಸಿದ ಈ ಬಗೆ ದೊಡ್ಡವರಿಗಾಗಿ ಬರೆದ ಉತ್ತಮ ಪತ್ತೇದಾರಿ ಕಾದಂಬರಿಗಳ ಮಟ್ಟದ್ದು. ಇಂದು ಮೊದಲ ಬಾರಿಗೆ ಓದುವ ಮಕ್ಕಳಿಗೂ ಬ್ಯಾಂಕಿನ ಪ್ರಸಂಗ ಅನಿರೀಕ್ಷಿತವಾಗಿಯೂ ನ್ಯಾಯವಾಗಿಯೂ ತೋರುತ್ತದೆ.

ಮಕ್ಕಳ ಪತ್ತೇದಾರಿ ಕಥೆಗಳೆಲ್ಲ ಉತ್ತರಿಸಬೇಕಾದ ಪ್ರಶ್ನೆ ಇನ್ನೊಂದಿದೆ: ಮಕ್ಕಳು ನೇರವಾಗಿ ಪೊಲೀಸರ ಬಳಿಗೆ ಏಕೆ ಹೋಗುವುದಿಲ್ಲ? ಬಹುತೇಕ ಸರಣಿಗಳಲ್ಲಿ ಪೊಲೀಸರು ದಡ್ಡರು ಅಥವಾ ಮಕ್ಕಳಿಗೆ ಸಾಹಸದ ಆಸೆ ಎಂಬ ಸುಲಭದ ಉತ್ತರ ಸಿಗುತ್ತದೆ. ಕೆಸ್ಟ್ನರ್ ಇದಕ್ಕೆ ಮಗುವಿನ ಮನಸ್ಸಿನೊಳಗಿನಿಂದ ಕಾರಣ ತರುತ್ತಾರೆ. ನೋಯ್‌ಸ್ಟಾಟಿನಲ್ಲಿ ಎಮಿಲ್ ಮತ್ತು ಗೆಳೆಯರು ಚೌಕದಲ್ಲಿದ್ದ ದೊರೆಯ ಪ್ರತಿಮೆಗೆ ಕೆಂಪು ಮೂಗನ್ನೂ ಮೀಸೆಯನ್ನೂ ಬಳಿದಿದ್ದರು. ಆಗ ಅಲ್ಲಿಗೆ ಬಂದ ಪೊಲೀಸ್ ಯೆಶ್ಕೆ ತನ್ನನ್ನು ಗುರುತಿಸಿರಬಹುದೆಂಬ ಭೀತಿ ಎಮಿಲ್‌ನನ್ನು ಕಾಡುತ್ತಿರುತ್ತದೆ. ರೈಲಿನಲ್ಲಿ ಅವನು ಕಾಣುವ ದುಃಸ್ವಪ್ನದಲ್ಲಿಯೂ ಅಟ್ಟಿಸಿಕೊಂಡು ಬರುವವನು ಯೆಶ್ಕೆಯೇ. ದೊಡ್ಡವರಿಗೆ ಕ್ಷುಲ್ಲಕವೆನಿಸುವ ಈ ತಪ್ಪು ಹುಡುಗನಿಗೆ ಸೆರೆಮನೆಯ ಬಾಗಿಲಿನಂತೆ ಕಾಣುತ್ತದೆ. ಆದ್ದರಿಂದ ಅವನು ಬೀದಿಯಲ್ಲಿ ಒಬ್ಬಂಟಿಯಾಗಿ ನಿಲ್ಲುವುದು ಕಥೆಗಾರನ ಅನುಕೂಲಕ್ಕಾಗಿ ಎಂದು ಅನಿಸುವುದಿಲ್ಲ.

ಹಣದ ಲೆಕ್ಕ

ಕಾದಂಬರಿಯ ನಿಜವಾದ ಆಧಾರ 140 ಮಾರ್ಕುಗಳು. ವಾರಕ್ಕೆ 35 ಮಾರ್ಕ್ ಸಂಪಾದಿಸುವವರಿಗೆ ಈ ಮೊತ್ತ ಎಷ್ಟು ದೊಡ್ಡದೆಂಬುದನ್ನು ನಿರೂಪಕನು ಓದುಗರಿಗೆ ಬಿಡಿಸಿ ಹೇಳುತ್ತಾನೆ. ಲೆಕ್ಕ ಹಾಕಿದರೆ ಅದು ನಾಲ್ಕು ವಾರಗಳ ಪೂರ್ತಿ ಸಂಪಾದನೆ. ಅಷ್ಟನ್ನು ಉಳಿಸಲು ಎಷ್ಟು ತಿಂಗಳು ಬೇಕೆಂಬುದನ್ನು ಮನೆವಾರ್ತೆ ನಡೆಸಿದವರು ಊಹಿಸಬಲ್ಲರು. ಪುಸ್ತಕ ಬರುವುದಕ್ಕೆ ಆರು ವರ್ಷ ಹಿಂದೆ, 1923ರ ಮಹಾ ಹಣದುಬ್ಬರದಲ್ಲಿ, ಜರ್ಮನಿಯ ಸಾಮಾನ್ಯ ಕುಟುಂಬಗಳ ಉಳಿತಾಯವೆಲ್ಲ ಬೆಲೆ ಕಳೆದುಕೊಂಡಿತ್ತು. ಮೊದಲ ಓದುಗರ ಮನೆಗಳಲ್ಲಿ ಕಳೆದುಹೋದ ಹಣ ಎಂಬ ಮಾತಿಗೆ ಇದ್ದ ಭಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ರಾತ್ರಿ ಕಾವಲಿನ ವೇಳೆ ಎಮಿಲ್ ಮತ್ತು ಪ್ರೊಫೆಸರ್ ನಡುವೆ ನಡೆಯುವ ಸಂಭಾಷಣೆ ಈ ವಿಷಯದಲ್ಲಿ ಮುಖ್ಯವಾದುದು. ತಮ್ಮ ಮನೆಯಲ್ಲಿ ಹಣದ ಮಾತು ಬರುವುದೇ ಅಪರೂಪವೆಂದು ಪ್ರೊಫೆಸರ್ ಹೇಳಿದಾಗ, ಹಾಗಿದ್ದರೆ ನಿಮ್ಮಲ್ಲಿ ಹಣ ಬಹಳ ಇರಬೇಕೆಂದು ಎಮಿಲ್ ಸಹಜವಾಗಿ ತರ್ಕಿಸುತ್ತಾನೆ. ಇಬ್ಬರಲ್ಲಿ ಯಾರಿಗೂ ಇದರಿಂದ ನೋವಾಗುವುದಿಲ್ಲ. ಸಿರಿವಂತನ ಮಗ ಕೆಟ್ಟವನಾಗಿಯೂ ಬಡವನ ಮಗ ಕರುಣೆಯ ಪಾತ್ರವಾಗಿಯೂ ಚಿತ್ರಿತವಾಗುವ ಅಂದಿನ ರೂಢಿಯನ್ನು ಲೇಖಕರು ಹೀಗೆ ಸದ್ದಿಲ್ಲದೆ ಬದಿಗಿಟ್ಟಿದ್ದಾರೆ.

ಇದೇ ಹುಡುಗರು ಚರ್ಚಿಸುವ ಇನ್ನೊಂದು ವಿಷಯ ಇಂದಿಗೂ ತರಗತಿಗಳಲ್ಲಿ ಮಾತಿಗೆ ಯೋಗ್ಯವಾದುದು. ಹಣವನ್ನು ಕಳ್ಳನಿಂದ ಗುಟ್ಟಾಗಿ ಮರಳಿ ಕದ್ದರಾಯಿತು ಎಂದು ಒಬ್ಬನು ಸೂಚಿಸುತ್ತಾನೆ. ಗುಟ್ಟಾಗಿ ತೆಗೆದುಕೊಂಡರೆ ನಾವೂ ಕಳ್ಳರೇ ಆಗುತ್ತೇವೆ ಎಂಬುದು ಪ್ರೊಫೆಸರನ ವಾದ. ಎಲ್ಲರೂ ಅದನ್ನು ಒಡನೆಯೇ ಒಪ್ಪುವುದಿಲ್ಲ ಎಂಬುದು ಗಮನಾರ್ಹ. ಮುಂದೆ ನಡೆಯುವ ಬಹಿರಂಗ ಬೆನ್ನಟ್ಟುವಿಕೆಯ ಯೋಜನೆ ಹುಟ್ಟುವುದು ಈ ವಾದದಿಂದಲೇ.

ಕೊನೆಯಲ್ಲಿ ಇದರಿಂದ ಕಲಿಯಬೇಕಾದ ಪಾಠವೇನೆಂದು ಹಿರಿಯರು ವಿಚಾರಿಸುವಾಗ ಅಜ್ಜಿಯು ಗಂಭೀರ ನೀತಿಗಳನ್ನೆಲ್ಲ ತಳ್ಳಿಹಾಕಿ, ಹಣವನ್ನು ಮನಿಯಾರ್ಡರ್ ಮೂಲಕವೇ ಕಳುಹಿಸತಕ್ಕದ್ದು ಎಂಬ ತೀರ್ಪು ನೀಡುತ್ತಾಳೆ. ಬಹುಮಾನದ ಹಣದಲ್ಲಿ ತಾಯಿಗೆ ಕೂದಲು ಒಣಗಿಸುವ ವಿದ್ಯುತ್ ಯಂತ್ರವನ್ನೂ ಬೆಚ್ಚನೆಯ ಕೋಟನ್ನೂ ಕೊಳ್ಳಬೇಕೆಂಬುದು ಎಮಿಲ್‌ನ ಬಯಕೆ. ಅವುಗಳಲ್ಲಿ ಮೊದಲನೆಯದು ಆಕೆಯ ಕಸುಬಿನ ಸಲಕರಣೆ.

ಇಂದಿನ ಓದಿನಲ್ಲಿ

ಸುಮಾರು ಒಂದು ಶತಮಾನದ ಬಳಿಕ ಕಾದಂಬರಿಯ ಎಲ್ಲ ಭಾಗಗಳೂ ಒಂದೇ ಸಮನಾಗಿ ಬಾಳಿಕೆ ಬಂದಿಲ್ಲ. ಅತ್ಯಂತ ದುರ್ಬಲವಾಗಿ ಕಾಣುವುದು ಹುಡುಗಿಯ ಸ್ಥಾನ. ಪೋನಿ ಹ್ಯೂಟ್‌ಶೆನ್ ಚುರುಕುಮಾತಿನವಳು, ಸೈಕಲ್ ಏರಿ ನಗರದಲ್ಲಿ ಧೈರ್ಯವಾಗಿ ತಿರುಗುವವಳು. ಪುಸ್ತಕದ ಅತ್ಯಂತ ಜೀವಂತ ಪಾತ್ರಗಳಲ್ಲಿ ಒಬ್ಬಳು. ಆದರೆ ಪತ್ತೇದಾರರ ತಂಡದಲ್ಲಿ ಅವಳಿಗೆ ಪಾಲಿಲ್ಲ. ಬೆಳಗ್ಗೆ ಕಾಫಿ, ತಿಂಡಿ ತಂದುಕೊಟ್ಟು ಹುಡುಗರನ್ನು ಹುರಿದುಂಬಿಸುವುದಷ್ಟೇ ಅವಳ ಕೆಲಸ. ಸೈಕಲ್ ಇರುವ ಏಕೈಕ ಪಾತ್ರವನ್ನು ಬೆನ್ನಟ್ಟುವ ಕಥೆಯೊಂದು ಬಳಸಿಕೊಳ್ಳದಿರುವುದು ಕಥೆಯ ತರ್ಕದ ದೃಷ್ಟಿಯಿಂದಲೂ ವಿಚಿತ್ರವೇ. 2001ರ ಚಲನಚಿತ್ರ ರೂಪದಲ್ಲಿ ಮಕ್ಕಳ ಗುಂಪಿನ ನಾಯಕಿಯೇ ಪೋನಿ ಎಂದು ಬದಲಾಯಿಸಲಾಯಿತು.

ತಾಯಿಮಗನ ಸಂಬಂಧದ ಚಿತ್ರಣವೂ ಕೆಲವು ಓದುಗರಿಗೆ ಅತಿಯೆನಿಸಬಹುದು. ತಾಯಿಯ ಶ್ರಮವನ್ನು ಬಲ್ಲ ಎಮಿಲ್ ಸ್ವಇಚ್ಛೆಯಿಂದಲೇ ಮಾದರಿ ಹುಡುಗನಾಗಿ ನಡೆದುಕೊಳ್ಳುತ್ತಾನೆ. ಇದು ಸುಲಭವಲ್ಲವೆಂದೂ, ಹೇರಿದ ಒಳ್ಳೆಯತನಕ್ಕಿಂತ ಇದು ಬೇರೆಯೆಂದೂ ನಿರೂಪಕನು ವಿವರಿಸಲು ಯತ್ನಿಸುತ್ತಾನೆ; ಆ ವಿವರಣೆ ತುಸು ದೀರ್ಘವಾಯಿತು. ಕಳ್ಳನ ಬಂಧನದ ನಂತರದ ಪತ್ರಿಕಾಲಯ ಮತ್ತು ಸಂಭ್ರಮದ ಅಧ್ಯಾಯಗಳೂ ನಿಧಾನಗತಿಯವು.

ಇದಕ್ಕೆ ಪ್ರತಿಯಾಗಿ ತಂಡದ ರಚನೆ ಹಳತಾಗಿಲ್ಲ. ಇಲ್ಲಿ ಒಬ್ಬನೇ ಬುದ್ಧಿವಂತ ನಾಯಕನಿಲ್ಲ. ಕಾಸು ಒಟ್ಟುಗೂಡಿಸುವುದು, ಮನೆಗೆ ಸುದ್ದಿ ಮುಟ್ಟಿಸುವುದು, ಸರದಿಯಂತೆ ಕಾವಲು ಕಾಯುವುದು ಹೀಗೆ ಕೆಲಸಗಳು ಹಂಚಿಕೆಯಾಗಿವೆ. ಪುಟ್ಟ ಮಂಗಳವಾರನು ಬೀದಿಯ ಗಲಾಟೆಯನ್ನೆಲ್ಲ ತಪ್ಪಿಸಿಕೊಂಡು, ಆಸೆಯನ್ನು ಅದುಮಿಕೊಂಡು ದೂರವಾಣಿಯ ಬಳಿಯಲ್ಲಿಯೇ ಕುಳಿತಿರುತ್ತಾನೆ. ಕೊನೆಯ ಸಂತೋಷಕೂಟದಲ್ಲಿ ಅಜ್ಜಿಯು ವಿಶೇಷವಾಗಿ ಎತ್ತಿ ಹೊಗಳುವುದು ಅವನನ್ನೇ. ದೂರವಾಣಿ ಎಲ್ಲರ ಜೇಬಿನಲ್ಲಿರುವ ಕಾಲದಲ್ಲಿ ಈ ವ್ಯವಸ್ಥೆಗೆ ಅಗತ್ಯವಿಲ್ಲವಾದರೂ, ಕಾಣದ ಕೆಲಸವನ್ನು ಮಾಡುವವನ ಅಸಮಾಧಾನ ಮತ್ತು ನಿಷ್ಠೆ ಎರಡೂ ಓದುಗರಿಗೆ ಅರ್ಥವಾಗುತ್ತವೆ.

ನೂರು ಮಕ್ಕಳು ಒಬ್ಬ ಮನುಷ್ಯನನ್ನು ಸುತ್ತುವರಿಯುವ ದೃಶ್ಯವನ್ನು 1933ರ ನಂತರದ ಜರ್ಮನಿಯನ್ನು ಬಲ್ಲ ಓದುಗರು ನಿಶ್ಚಿಂತೆಯಿಂದ ಓದಲಾರರು. ಆದರೂ ಒಂದು ವ್ಯತ್ಯಾಸವನ್ನು ಹೇಳಬೇಕು. ಈ ಗುಂಪಿಗೆ ಸಮವಸ್ತ್ರವಿಲ್ಲ, ಅದು ಯಾರನ್ನೂ ಹೊಡೆಯುವುದಿಲ್ಲ, ಮತ್ತು ಆರೋಪಿಯನ್ನು ಪುರಾವೆ ಕೇಳುವ ಜಾಗಕ್ಕೆ ತಲುಪಿಸಿದೊಡನೆ ಅದರ ಕೆಲಸ ಮುಗಿಯುತ್ತದೆ. ಬ್ಯಾಂಕಿನವರು ಎಮಿಲ್‌ನ ಮಾತನ್ನು ಸುಮ್ಮನೆ ನಂಬದೆ ನೋಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

ವಾಲ್ಟರ್ ಟ್ರಿಯರ್ ಅವರ ಚಿತ್ರಗಳ ಆಕರ್ಷಣೆಯಂತೂ ಸ್ವಲ್ಪವೂ ಕುಂದಿಲ್ಲ. ಜಾಹೀರಾತು ಕಂಬದ ಹಿಂದೆ ಅಡಗಿದ ಇಬ್ಬರು ಹುಡುಗರು, ಹಳದಿ ಬಣ್ಣದ ವಿಶಾಲವಾದ ಖಾಲಿ ಬೀದಿ, ಗಟ್ಟಿ ಟೋಪಿಯ ಒಂಟಿ ಮನುಷ್ಯ: ಇಷ್ಟನ್ನೇ ಒಳಗೊಂಡ ರಕ್ಷಾಪುಟ ಮಕ್ಕಳ ಪುಸ್ತಕಗಳ ಇತಿಹಾಸದ ಅತ್ಯಂತ ಪರಿಚಿತ ಚಿತ್ರಗಳಲ್ಲೊಂದು. ಅಮೆರಿಕದ ಚಿತ್ರಕಾರ ಮೋರಿಸ್ ಸೆಂಡಾಕ್ ಅವರು ಈ ಕಾದಂಬರಿಯ ಇಂಗ್ಲಿಷ್ ಆವೃತ್ತಿಯೊಂದಕ್ಕೆ ಮುನ್ನುಡಿ ಬರೆದಿದ್ದಾರೆ.

ನಾಜಿ ಆಡಳಿತ ಮತ್ತು ಕಾದಂಬರಿ

1933ರ ಮೇ 10ರಂದು ಬರ್ಲಿನ್ನಿನ ಒಪೆರಾ ಚೌಕದಲ್ಲಿ ನಡೆದ ಪುಸ್ತಕ ದಹನದಲ್ಲಿ ಕೆಸ್ಟ್ನರ್ ಅವರ ಕೃತಿಗಳನ್ನೂ ಬೆಂಕಿಗೆ ಎಸೆಯಲಾಯಿತು. ಲೇಖಕರು ಸ್ವತಃ ಜನಸಂದಣಿಯಲ್ಲಿ ನಿಂತು ಅದನ್ನು ಕಂಡರು. ಜನಪ್ರಿಯತೆಯ ಕಾರಣದಿಂದ 'ಎಮಿಲ್' ಮಾತ್ರ ಕೆಲಕಾಲ ನಿಷೇಧದಿಂದ ಪಾರಾಗಿತ್ತು. 1936ರಲ್ಲಿ ಅದಕ್ಕೂ ನಿರ್ಬಂಧ ಬಂದಿತು. ಎಮಿಲ್‌ನ ಮುಂದಿನ ಕಥೆಯಾದ 'ಎಮಿಲ್ ಮತ್ತು ಮೂವರು ಅವಳಿಗಳು' ಸ್ವಿಟ್ಜರ್ಲೆಂಡಿನಲ್ಲಿ ಪ್ರಕಟವಾಗಬೇಕಾಯಿತು. ಯಹೂದಿಯಾಗಿದ್ದ ಪ್ರಕಾಶಕಿ ಎಡಿತ್ ಯಾಕೋಬ್ಸೋನ್ 1933ರಲ್ಲಿ ದೇಶ ತೊರೆದು 1935ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಯಹೂದಿಯೇ ಆದ ವಾಲ್ಟರ್ ಟ್ರಿಯರ್ 1936ರಲ್ಲಿ ಇಂಗ್ಲೆಂಡಿಗೂ ಯುದ್ಧಾನಂತರ ಕೆನಡಾಕ್ಕೂ ವಲಸೆ ಹೋದರು. ಕೆಸ್ಟ್ನರ್ ಮಾತ್ರ ಜರ್ಮನಿಯಲ್ಲಿಯೇ ಉಳಿದರು. ಗೆಸ್ಟಾಪೊ ಅವರನ್ನು ಎರಡು ಬಾರಿ ಬಂಧಿಸಿ ವಿಚಾರಣೆ ನಡೆಸಿತು. ಯುದ್ಧದ ಬಳಿಕ ಅವರು ಮ್ಯೂನಿಕ್‌ನಲ್ಲಿ ನೆಲೆಸಿದರು. 1960ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ ದೊರೆಯಿತು. 1974ರ ಜುಲೈ 29ರಂದು ಅವರು ತೀರಿಕೊಂಡರು.

ಕಾದಂಬರಿಯ ಬರ್ಲಿನ್ ಯುದ್ಧದಲ್ಲಿ ಬಹುಮಟ್ಟಿಗೆ ನಾಶವಾಯಿತು. ಕೈಸರ್ ಅಲೀ ಬೀದಿಯ ಹೆಸರು 1950ರಲ್ಲಿ ಬುಂಡೆಸ್ ಅಲೀ ಎಂದು ಬದಲಾಯಿತು. ಯೋಸ್ಟಿ ಕೆಫೆ ಉಳಿದಿಲ್ಲ. ಎಮಿಲ್ ಓಡಾಡಿದ ದಾರಿಯನ್ನು ಮಾತ್ರ ನಕ್ಷೆ ಹಿಡಿದು ಈಗಲೂ ಗುರುತಿಸಬಹುದು, ಏಕೆಂದರೆ ಕೆಸ್ಟ್ನರ್ ಬೀದಿ ಮತ್ತು ಚೌಕಗಳ ನಿಜವಾದ ಹೆಸರುಗಳನ್ನೇ ಬಳಸಿದ್ದಾರೆ.

ಚಲನಚಿತ್ರ ರೂಪಗಳು

ಮೊದಲ ಚಲನಚಿತ್ರ 1931ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಗೆರ್ಹಾರ್ಡ್ ಲಾಂಪ್ರೆಕ್ಟ್ ನಿರ್ದೇಶಿಸಿದ ಈ ಚಿತ್ರಕ್ಕೆ ಚಿತ್ರಕಥೆ ಬರೆದವರು, ಮುಂದೆ ಹಾಲಿವುಡ್‌ನಲ್ಲಿ ಖ್ಯಾತರಾದ ಬಿಲ್ಲಿ ವೈಲ್ಡರ್. ಕಳ್ಳನ ಪಾತ್ರದಲ್ಲಿ ಫ್ರಿಟ್ಸ್ ರಾಸ್ಪ್ ನಟಿಸಿದರು. ಪುಸ್ತಕದಲ್ಲಿ ಎಮಿಲ್ ತಾನಾಗಿಯೇ ನಿದ್ದೆಹೋದರೆ, ಚಿತ್ರದಲ್ಲಿ ಕಳ್ಳನು ಅವನಿಗೆ ಮತ್ತು ಬೆರೆಸಿದ ಮಿಠಾಯಿ ತಿನ್ನಿಸುತ್ತಾನೆ. ಸ್ಟುಡಿಯೋದಿಂದ ಹೊರಬಂದು ನಗರದ ಬೀದಿಗಳಲ್ಲಿಯೇ ಚಿತ್ರೀಕರಿಸಿದ ದೃಶ್ಯಗಳಿಂದಾಗಿ ಇದು ಯುದ್ಧಪೂರ್ವ ಬರ್ಲಿನ್ನಿನ ದಾಖಲೆಯಾಗಿಯೂ ಬೆಲೆಯುಳ್ಳದ್ದು. ಈ ಚಿತ್ರದಲ್ಲಿ ಎಮಿಲ್ ಆಗಿದ್ದ ರಾಲ್ಫ್ ವೆಂಕ್‌ಹೌಸ್, ಗುಸ್ಟಾವ್ ಆಗಿದ್ದ ಹ್ಯಾನ್ಸ್ ಶೌಫುಸ್, ಪುಟ್ಟ ಮಂಗಳವಾರನಾಗಿದ್ದ ಹ್ಯಾನ್ಸ್ ಲೋರ್ ಮೂವರೂ ಎರಡನೆಯ ಮಹಾಯುದ್ಧದಲ್ಲಿ ಮಡಿದರು. ಲೋರ್ ಮತ್ತು ಕೆಸ್ಟ್ನರ್ ನಡುವಿನ ಸ್ನೇಹವನ್ನು ಕುರಿತು 2016ರಲ್ಲಿ ಪ್ರತ್ಯೇಕ ಚಿತ್ರವೊಂದು ತಯಾರಾಯಿತು.

1935ರಲ್ಲಿ ಬ್ರಿಟನ್ನಿನಲ್ಲಿ, 1954ರಲ್ಲಿ ಪಶ್ಚಿಮ ಜರ್ಮನಿಯಲ್ಲಿ, 1964ರಲ್ಲಿ ಡಿಸ್ನಿ ಸಂಸ್ಥೆಯಿಂದ ಮತ್ತೆ ಮತ್ತೆ ಚಿತ್ರಗಳು ಬಂದವು. ನಮ್ಮ ಉಪಖಂಡದಲ್ಲಿಯೂ ಕಥೆಗೆ ಒಂದು ರೂಪ ದೊರೆತಿದೆ: ಬಾದಲ್ ರಹಮಾನ್ ನಿರ್ದೇಶನದ 'ಎಮಿಲೇರ್ ಗೋಯೆಂದಾ ಬಾಹಿನಿ' ಎಂಬ ಬಂಗಾಳಿ ಚಿತ್ರವು 1980ರಲ್ಲಿ ಬಾಂಗ್ಲಾದೇಶದಲ್ಲಿ ತೆರೆಕಂಡು, ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅಲ್ಲಿಯ ರಾಷ್ಟ್ರಪ್ರಶಸ್ತಿ ಪಡೆಯಿತು.